ಪ್ರವಾಸದ ಬಸ್ಸಿನಲ್ಲಿ ಕೊಟ್ಟ ತಪ್ಪು ಉತ್ತರ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಹತ್ತನೇ ತರಗತಿಯ ಮಕ್ಕಳ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗುವ ಅವಕಾಶ ನನಗೆ ಸಿಕ್ಕಿತ್ತು. ನಸುಕಿನಲ್ಲೇ ಮಧುವನಹಳ್ಳಿಯಿಂದ ಬಸ್ಸು ಹೊರಟಿತು. ರಂಗನಾಥಸ್ವಾಮಿ ದೇವಸ್ಥಾನ, ಬೈಲಿ ಬಂದೀಖಾನೆ, ಟಿಪ್ಪು ಮಡಿದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ; ಅಲ್ಲಿಂದ ಮೈಸೂರಿನ ಅರಮನೆ, ಮೃಗಾಲಯ. ನನ್ನ ಕೈಯಲ್ಲಿ ಹಾಜರಿ ಪಟ್ಟಿ, ಬಾಯಲ್ಲಿ ಸೀಟಿ. ಒಂದೊಂದು ಕಡೆ ಇಪ್ಪತ್ತು ನಿಮಿಷ. ಮಕ್ಕಳನ್ನು ಎಣಿಸಿದ್ದೇ ಹೆಚ್ಚು, ಪಾಠ ಹೇಳಿದ್ದು ಕಡಿಮೆ.

ವಾಪಸು ಬರುವಾಗ ತಿ. ನರಸೀಪುರದ ಹತ್ತಿರ ಒಬ್ಬ ಹುಡುಗಿ ಕೇಳಿದಳು: “ಸಾರ್, ಟಿಪ್ಪು ಸತ್ತ ಮೇಲೆ ರಾಜ್ಯ ಮೈಸೂರು ಮಹಾರಾಜರಿಗೆ ಹೋಯ್ತು ಅಂದ್ರಲ್ಲ, ನಮ್ಮೂರೂ ಅವರಿಗೇ ಹೋಯ್ತಾ?”

“ಹೂಂ ಕಣಮ್ಮ, ನಮ್ಮದೂ ಹಳೇ ಮೈಸೂರೇ ಅಲ್ವಾ” ಅಂದುಬಿಟ್ಟೆ.

ಮನೆಗೆ ಬಂದು ಇದನ್ನು ಹೇಳಿದಾಗ ಅಜ್ಜಿ ನಕ್ಕರು. “ನಮ್ಮಪ್ಪನ ಕಾಲದಲ್ಲಿ ಜಿಲ್ಲಾ ಕಚೇರಿ ಅಂದರೆ ಕೊಯಮತ್ತೂರು ಕಣಪ್ಪ” ಎಂದರು. ಮರುದಿನ ಪುಸ್ತಕ ತೆಗೆದು ನೋಡಿದೆ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ರಾಜ್ಯ ಹಂಚಿಕೆಯಾಯಿತು. ಒಂದು ಭಾಗ ಒಡೆಯರಿಗೆ ಬಂತು. ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಶ್ರೀರಂಗಪಟ್ಟಣದ ದ್ವೀಪವನ್ನೂ ಕಂಪನಿ ತನ್ನಲ್ಲೇ ಇಟ್ಟುಕೊಂಡಿತ್ತು. ಅದು ಮೈಸೂರಿಗೆ ಮರಳಿದ್ದು 1881ರಲ್ಲಿ. ಅಂದರೆ ನಾವು ನೋಡಿ ಬಂದ ಕೋಟೆ ಬಿದ್ದ ದಿನವೇ ನಮ್ಮೂರಿನ ನೂರೈವತ್ತು ವರ್ಷಗಳ ಹಣೆಬರಹ ತೀರ್ಮಾನವಾಗಿತ್ತು. ಮಕ್ಕಳಿಗೆ ಹೇಳಲೇಬೇಕಾಗಿದ್ದ ಮಾತು ಅದೊಂದೇ. ಅದನ್ನೇ ನಾನು ತಪ್ಪು ಹೇಳಿದ್ದೆ.

ಶೈಕ್ಷಣಿಕ ಪ್ರವಾಸ ಎಂದು ನಾವು ಕರೆಯುವುದು ಬಹುಪಾಲು ಸ್ಥಳ ವೀಕ್ಷಣೆ ಅಷ್ಟೇ ಎಂಬುದು ನನ್ನ ಅಭಿಪ್ರಾಯ. ನಲವತ್ತು ನಿಮಿಷದ ತರಗತಿಗೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಬರೆದು ಪಾಠ ಯೋಜನೆಗೆ ಸಹಿ ಹಾಕಿಸುತ್ತೇವೆ. ಇಡೀ ದಿನದ ಪ್ರವಾಸಕ್ಕೆ ಮಾತ್ರ ಒಂದು ಹಾಳೆಯ ಯೋಜನೆಯೂ ಇರುವುದಿಲ್ಲ.

ವರ್ಷಕ್ಕೊಮ್ಮೆ ಹೊರಡುವ ಮಕ್ಕಳು, ಕಷ್ಟಪಟ್ಟು ದುಡ್ಡು ಕೊಟ್ಟ ತಂದೆ ತಾಯಿ, ಹೆಚ್ಚು ಜಾಗ ತೋರಿಸಿ ಎಂದು ಕೇಳುವುದು ಸಹಜ. ಮೃಗಾಲಯ ಬೇಡ ಎಂದು ನಾನೂ ಹೇಳಲಾರೆ. ಆದರೆ ಶ್ರೀರಂಗಪಟ್ಟಣದಲ್ಲಿ ಮೂರೇ ಜಾಗ ಸಾಕು, ಒಂದೊಂದಕ್ಕೂ ಒಂದು ಪ್ರಶ್ನೆ ಇರಲಿ. ದರಿಯಾ ದೌಲತ್‌ನ ಪಶ್ಚಿಮ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಸೋತವರು ಇಂಗ್ಲಿಷರು. ಕೋಟೆಯ ಬಳಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಅದು ಕೋಟೆ ಗೆದ್ದವರ ಕಡೆ ಸತ್ತವರ ನೆನಪಿಗೆ. ಗ್ಯಾರಿಸನ್ ಸ್ಮಶಾನದಲ್ಲಿ ಐರೋಪ್ಯ ಸೈನಿಕರ, ಅವರ ಮನೆಯವರ ಸಮಾಧಿಗಳಿವೆ. ಇದನ್ನು ಯಾರು ಮಾಡಿಸಿದರು? ಇಲ್ಲಿ ಯಾರ ಹೆಸರಿದೆ, ಯಾರದು ಇಲ್ಲ? ಇಷ್ಟು ಕೇಳಿ ಸುಮ್ಮನೆ ನಿಂತರೆ ಮಕ್ಕಳೇ ಮಾತಾಡುತ್ತಾರೆ. ಹೊರಡುವ ಮುಂಚೆ ಒಂದು ಅವಧಿ ನಕ್ಷೆಗೆ, ಬಂದ ಮೇಲೆ ಒಂದು ಅವಧಿ ಚರ್ಚೆಗೆ ಮೀಸಲಿಡಬೇಕು. ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದ್ದು ನಮ್ಮೂರನ್ನು.

ಮಾರನೆಯ ತರಗತಿಗೆ ವೀಕ್ಷಣೆಗೆಂದು ಉಪನ್ಯಾಸಕರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತಪ್ಪು ಒಪ್ಪಿಕೊಂಡರೆ ಅಂಕ ಹೋದೀತೆಂಬ ಅಳುಕು ಇತ್ತು. ಆದರೂ ಆ ಹುಡುಗಿಯನ್ನು ನೋಡಿ, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ಶುರು ಮಾಡಿದೆ. ಕಪ್ಪು ಹಲಗೆಯ ಮೇಲೆ ಕೊಯಮತ್ತೂರು ಎಂದು ಬರೆದಾಗ ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಒಬ್ಬೊಬ್ಬರೇ ಕೈ ಎತ್ತಿದರು: “ನಮ್ಮ ತಾತನೂ ಹಂಗೇ ಹೇಳ್ತಾರೆ ಸಾರ್.”

ಇತಿಹಾಸದ ಸಾಕ್ಷಿಗಳು ಅವರ ಮನೆಯ ಜಗುಲಿಯಲ್ಲೇ ಕೂತಿದ್ದರು. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಬಸ್ಸು ಗೊತ್ತು ಮಾಡುವ ಮೊದಲು ಅವರನ್ನೊಮ್ಮೆ ಮಾತಾಡಿಸಿ.