ಕನ್ನಡದಲ್ಲಿ ಮೆಸೇಜ್ ಬರೆದರೆ ಮೂರು ಪಟ್ಟು ಜಾಗ ಬೇಕೇ? ಫೋನಿನೊಳಗಿನ ಅಕ್ಷರ ಜಗಳದ ಅಸಲಿ ಕಥೆ

"ಕನ್ನಡ ಅಕ್ಷರದಲ್ಲಿ ಬರೆದರೆ ಮೂರು ಪಟ್ಟು ಮೆಮೊರಿ ತಿನ್ನುತ್ತದೆ, ಡೇಟಾ ಬೇಗ ಖಾಲಿಯಾಗುತ್ತದೆ, ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಿರಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇದರ ಹಿಂದೆ ತಂತ್ರಾಂಶ ಬರೆಯುವವರ ನಡುವೆ ದಶಕಗಳಿಂದ ನಡೆದಿರುವ ಜಗಳವೊಂದಿದೆ. ಯಾವ ಅಕ್ಷರಕ್ಕೆ ಎಷ್ಟು ಜಾಗ ಕೊಡಬೇಕು, ಹಳೆಯ ಪದ್ಧತಿಯನ್ನು ಎಷ್ಟು ದಿನ ಹೊರಬೇಕು ಎಂಬುದೇ ಆ ಜಗಳ.

ಮೊದಲು ಲೆಕ್ಕ ನೋಡೋಣ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯುನಿಕೋಡ್ ಎಂಬ ಜಾಗತಿಕ ಪಟ್ಟಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ಸಿಕ್ಕಿವೆ. ಈ ಸಂಖ್ಯೆಗಳನ್ನು ಮೆಮೊರಿಯಲ್ಲಿ ಇಡುವ ಅತಿ ಹೆಚ್ಚು ಬಳಕೆಯ ವಿಧಾನ ಯುಟಿಎಫ್-8. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದನ್ನು ರೂಪಿಸಿದಾಗ, ಹಳೆಯ ಇಂಗ್ಲಿಷ್ ಫೈಲುಗಳು ಹಾಗೆಯೇ ತೆರೆಯಬೇಕು ಎಂಬುದು ಮುಖ್ಯ ಷರತ್ತಾಗಿತ್ತು. ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. 2047ರವರೆಗಿನ ಸಂಖ್ಯೆಗಳಿಗೆ ಎರಡು ಬೈಟ್, ಗ್ರೀಕ್, ರಷ್ಯನ್, ಅರೇಬಿಕ್ ಅಕ್ಷರಗಳು ಇಲ್ಲಿ ಬರುತ್ತವೆ. ಕನ್ನಡ ಅದರಾಚೆ ಇರುವುದರಿಂದ ಮೂರು ಬೈಟ್.

ಹಾಗಾದರೆ ಮೂರು ಪಟ್ಟು ನಿಜವೇ? ಹಾವೇರಿ ಜಿಲ್ಲೆಯಲ್ಲಿ ವರದಾ, ತುಂಗಭದ್ರೆ ಕೂಡುವ ಕಡೆ ಇರುವ ಊರಿನ ಹೆಸರನ್ನೇ ತೆಗೆದುಕೊಳ್ಳಿ: ಗಳಗನಾಥ. ಇದರಲ್ಲಿ ಐದು ಅಕ್ಷರ ಮತ್ತು ಒಂದು ದೀರ್ಘದ ಗುರುತು, ಒಟ್ಟು 6 ಸಂಖ್ಯೆ, ಅಂದರೆ 18 ಬೈಟ್. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು 11 ಅಕ್ಷರ ಬೇಕು, ಅಂದರೆ 11 ಬೈಟ್. ಕನ್ನಡದ ವ್ಯಂಜನದಲ್ಲಿ 'ಅ' ಸೇರಿಯೇ ಇರುವುದರಿಂದ ನಮಗೆ ಕಡಿಮೆ ಗುರುತು ಸಾಕು. "ನಾಳೆ ಗಳಗನಾಥಕ್ಕೆ ಹೋಗೋಣ" ಎಂದು ಬರೆದರೆ ಕನ್ನಡದಲ್ಲಿ 59 ಬೈಟ್, ಇಂಗ್ಲಿಷ್ ಲಿಪಿಯಲ್ಲಿ 26. ಹೆಚ್ಚೇ ನಿಜ, ಆದರೆ ಮೂರು ಪಟ್ಟಲ್ಲ. ಇನ್ನು 10 ಲಕ್ಷ ಬೈಟಿನ ಒಂದು "ಶುಭೋದಯ" ಫೋಟೋ ಹಿಡಿಯುವ ಜಾಗದಲ್ಲಿ ಇಂಥ ಸುಮಾರು 17 ಸಾವಿರ ಸಾಲುಗಳು ಹಿಡಿಯುತ್ತವೆ. ಡೇಟಾ ಖಾಲಿಯಾಗುತ್ತಿದ್ದರೆ ಕಾರಣ ಫೋಟೋ, ವಿಡಿಯೋ. ಕನ್ನಡವಲ್ಲ.

ಎಸ್ಸೆಮ್ಮೆಸ್‌ನಲ್ಲಿ ಮಾತ್ರ ದೂರು ನಿಜ

ಒಂದು ಎಸ್ಸೆಮ್ಮೆಸ್‌ಗೆ 140 ಬೈಟ್ ಮಾತ್ರ ಜಾಗ. ಇಂಗ್ಲಿಷ್ ಅಕ್ಷರಗಳನ್ನು 7 ಬಿಟ್‌ನಲ್ಲಿ ಒತ್ತಿ ತುಂಬುವುದರಿಂದ 160 ಹಿಡಿಯುತ್ತವೆ. ಕನ್ನಡದ ಒಂದೇ ಒಂದು ಅಕ್ಷರ ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶ 16 ಬಿಟ್‌ಗೆ ಬದಲಾಗಿ ಮಿತಿ 70ಕ್ಕೆ ಇಳಿಯುತ್ತದೆ. ಉದ್ದದ ಕನ್ನಡ ಎಸ್ಸೆಮ್ಮೆಸ್ ಎರಡು ಮೂರಾಗಿ ಲೆಕ್ಕಕ್ಕೆ ಬರುವುದು ಇದರಿಂದಲೇ. ವಾಟ್ಸಾಪ್‌ನಂಥ ಆ್ಯಪ್‌ಗಳಿಗೆ ಈ ಮಿತಿ ಇಲ್ಲ.

ಜಗಳ ಯಾವುದರ ಬಗ್ಗೆ?

ಭಾರತೀಯ ಲಿಪಿಗಳಿಗೆ 128 ಮನೆಗಳ ವಿನ್ಯಾಸ ಬಂದದ್ದು ಇಸ್ಕಿ ಎಂಬ ಹಳೆಯ ಭಾರತೀಯ ಮಾನಕದಿಂದ. ಎಲ್ಲ ಲಿಪಿಯ 'ಕ'ಕಾರಕ್ಕೂ ಒಂದೇ ಸ್ಥಾನ ಎಂಬ ಅದರ ಕ್ರಮವನ್ನು ಯುನಿಕೋಡ್ ಮುಂದುವರಿಸಿತು. ಇದರಲ್ಲಿ 'ಕ್ಷ' ಒಂದು ಅಕ್ಷರವಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಖ್ಯೆಗಳು, ಅಂದರೆ 9 ಬೈಟ್.

ಒಂದು ಗುಂಪು ಕೇಳುತ್ತದೆ: ಕಣ್ಣಿಗೆ ಒಂದಾಗಿ ಕಾಣುವುದಕ್ಕೆ ಒಂದೇ ಸಂಖ್ಯೆ ಏಕಿಲ್ಲ? ತಮಿಳುನಾಡು 2010ರಲ್ಲಿ ಯುನಿಕೋಡ್ ಜೊತೆಗೆ ಇಂಥ ಟೇಸ್-16 ಎಂಬ ವಿಧಾನವನ್ನೂ ಒಪ್ಪಿತು. ಇನ್ನೊಂದು ಗುಂಪಿನ ಉತ್ತರ: ಕನ್ನಡದ 34 ವ್ಯಂಜನಗಳಿಗೆ 34 ಒತ್ತು ಹಾಕಿದರೆ 1,156 ಜೋಡಿ, ಅವಕ್ಕೆ ಗುಣಿತ ಸೇರಿಸಿದರೆ ಹದಿನೈದು ಸಾವಿರ ದಾಟುತ್ತದೆ. ಬಿಡಿ ಭಾಗಗಳನ್ನು ಇಟ್ಟುಕೊಂಡು ಬೇಕಾದಾಗ ಜೋಡಿಸುವುದೇ ಮಿತವ್ಯಯ. ಇಬ್ಬರ ಮಾತಿನಲ್ಲೂ ಹುರುಳಿದೆ. ಜೋಡಿಸುವ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2018ರ ಫೆಬ್ರವರಿಯಲ್ಲಿ ಜಗತ್ತೇ ನೋಡಿತು. ತೆಲುಗಿನ 'ಜ್ಞಾ' ಬಂದರೆ ಐಫೋನ್ ಆ್ಯಪ್‌ಗಳು ಕುಸಿಯುತ್ತಿದ್ದವು. ದೋಷ ಇದ್ದದ್ದು ತಂತ್ರಾಂಶದಲ್ಲಿ, ಅಕ್ಷರದಲ್ಲಲ್ಲ. ಆ್ಯಪಲ್ ಅದೇ ತಿಂಗಳು ಸರಿಪಡಿಸಿತು.

ತಪ್ಪೆಂದು ಗೊತ್ತಿದ್ದರೂ ತಿದ್ದುವಂತಿಲ್ಲ

ಹಳಗನ್ನಡದಲ್ಲಿ 'ಏಳು' ಎಂಬ ಸಂಖ್ಯೆಯನ್ನು 'ಏೞು' ಎಂದು ಬರೆಯುತ್ತಿದ್ದರು. ಗಳಗನಾಥದ ಗಳಗೇಶ್ವರ ದೇವಾಲಯ ಕಟ್ಟಿದ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ 'ೞ' ಸಿಗುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಇದಕ್ಕೆ ಬಿದ್ದಿರುವ ಅಧಿಕೃತ ಹೆಸರು 'ಫ'! ಇದು ತಪ್ಪೆಂದು ಯುನಿಕೋಡ್ ಸಂಸ್ಥೆಯೂ ಒಪ್ಪಿದೆ. ಆದರೆ ಒಮ್ಮೆ ಕೊಟ್ಟ ಹೆಸರು, ಸಂಖ್ಯೆ ಬದಲಿಸಬಾರದೆಂಬ ನಿಯಮವಿದೆ. ಹಾಗಾಗಿ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿ ಬಿಟ್ಟಿದ್ದಾರೆ. ಹಟವೆನಿಸಬಹುದು. ಆದರೆ ಸಂಖ್ಯೆ, ಹೆಸರು ಬದಲಾಗುತ್ತಾ ಹೋದರೆ ಅವನ್ನು ನಂಬಿ ಬರೆದ ತಂತ್ರಾಂಶ, ಉಳಿಸಿದ ಬರಹ ಕೆಡುತ್ತವೆ.

ಸ್ಥಿರತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಯುನಿಕೋಡ್ ಬಳಕೆ ಹರಡುವ ಮುನ್ನ ಕನ್ನಡ ಕಂಪ್ಯೂಟರಿನಲ್ಲಿ ಮೂಡಿದ್ದು ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮುಂತಾದ ತಂತ್ರಾಂಶಗಳಿಂದ. ಅವು ಮಾಡಿದ ಉಪಕಾರ ದೊಡ್ಡದು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳ ರಾಶಿ. ಆ ಕಾಲದ ಪತ್ರ, ಪುಸ್ತಕ, ಕಡತಗಳು ಪರಿವರ್ತಿಸದ ಹೊರತು ಹುಡುಕಾಟಕ್ಕೆ ಸಿಗುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು?

- ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಫೋನಿನ ಕನ್ನಡ ಕೀಬೋರ್ಡುಗಳು ಯುನಿಕೋಡ್‌ನಲ್ಲೇ ಬರೆಯುತ್ತವೆ. ಹುಡುಕಲು, ಗಟ್ಟಿಯಾಗಿ ಓದಿಸಲು, ಅನುವಾದಿಸಲು ಇದೇ ಅನುಕೂಲ.
- ಮುಖ್ಯ ವಿಷಯವನ್ನು ಫೋಟೋ ಮಾಡಿ ಕಳಿಸುವ ಬದಲು ಅಕ್ಷರವಾಗಿ ಕಳಿಸಿ. ಜಾಗವೂ ಉಳಿಯುತ್ತದೆ, ದೃಷ್ಟಿ ಮಂದವಿದ್ದವರು ಫೋನಿನಿಂದ ಓದಿಸಿ ಕೇಳಬಹುದು.
- ಹಳೆಯ ನುಡಿ, ಬರಹ ಫೈಲುಗಳಿದ್ದರೆ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಸರಿ ಬಂದಿವೆಯೇ ಎಂದು ಒಮ್ಮೆ ಓದಿ ನೋಡಿ. ಮೂಲ ಫೈಲನ್ನು ಅಳಿಸಬೇಡಿ.

ನಮ್ಮ ತೀರ್ಮಾನ: ಕನ್ನಡಕ್ಕೆ ಹೆಚ್ಚು ಬೈಟ್ ಬೇಕು ಎಂಬುದು ನಿಜ, ಅದರಿಂದ ನಿಮ್ಮ ಡೇಟಾ ಖಾಲಿಯಾಗುತ್ತದೆ ಎಂಬುದು ಸುಳ್ಳು. ಆ ಮಾತು ಮತ್ತೆ ಬಂದರೆ 59 ಬೈಟಿನ ಲೆಕ್ಕ ಕಳಿಸಿ, ಕನ್ನಡದಲ್ಲೇ.