ಅಂಗೈ ಹುಣ್ಣಿಗೆ ಕನ್ನಡಿ ಬ್ಯಾಡ, ಬೆನ್ನ ಹಿಂದಿನ ಲಾರಿಗೆ ಬೇಕ ಬೇಕು

ಅಕ್ಕಾರ, ಚಿಗವ್ವಾರ, ಈ ಸಲ ರೊಟ್ಟಿ ಪಲ್ಯ ಬಿಟ್ಟು ಗಾಡಿ ಬಗ್ಗೆ ಬರಿಯಾಕತ್ತೀನಿ. "ಹೆಣ್ಣಮಕ್ಕಳಿಗ್ಯಾಕ ಗಾಡಿ ಉಸಾಬರಿ" ಅಂತ ಯಾರರ ಅಂದ್ರ ತಿರುಗಿ ಕೇಳ್ರಿ: ಗಾಡಿ ಕಂತು ತುಂಬಾಕ ಸಂಘದ ಸಾಲ ಯಾರು ತಗೀತಾರ? ಹಿಂದಿನ ಸೀಟಿನ್ಯಾಗ ಒಂದ ಕಡೆ ಕಾಲು ಇಳಿಬಿಟ್ಟು, ತೊಡಿ ಮ್ಯಾಲೆ ಕೂಸು ಕುಂಡ್ರಿಸಿಕೊಂಡು ಯಾರು ಕೂಡ್ತಾರ? ನಾವ. ಹಂಗಾಗಿ ಉಸಾಬರೀನೂ ನಮ್ಮದ.

ವಿಷಯ ಏನಂದ್ರ, ನಮ್ಮ ಹುಡುಗರಿಗೆ ಬೈಕಿನ ಕನ್ನಡಿ ರಾಡು ಗಿಡ್ಡ ಮಾಡೂ ಚಟ ಹತ್ತೈತಿ. ಕಂಪನಿ ಕೊಟ್ಟ ಉದ್ದ ರಾಡು ಮಿಡತಿ ಮೀಸಿ ಹಂಗ ಕಾಣ್ತೈತಂತ. ಹ್ಯಾಕ್ಸಾ ಬ್ಲೇಡಿನಿಂದ ನಡುವ ಕೊಯ್ದು, ನಾಕು ಬೆರಳು ತಗದು, ಉಳಿದ ಎರಡು ತುಂಡು ವೆಲ್ಡಿಂಗ್ ಮಾಡಿಸಿ, ಮ್ಯಾಲೆ ಕರಿ ಸ್ಪ್ರೇ ಹೊಡಿಯೂದು. ಇಲ್ಲಾ ಬುಡದಾಗ ಕೊಯ್ದು ಹೊಸ ಥ್ರೆಡ್ಡು ಹಾಕಿಸೂದು. ಇನ್ನೂ ಶಾಣ್ಯಾರು ಕನ್ನಡೀನ ಪೂರ್ತಿ ಬಿಚ್ಚಿ ಅಟ್ಟದ ಮ್ಯಾಲೆ ಇಡ್ತಾರ.

ಆ ರಾಡು ಉದ್ದ ಇರೂದು ಚಂದಕ್ಕಲ್ಲ. ಹ್ಯಾಂಡಲ್ ಹಿಡಿದಾಗ ಗಾಡಿ ಹೊಡಿಯಾಂವನ ಭುಜ, ಮೊಳಕೈ ಹೊರಗ ಚಾಚ್ತಾವ. ಕನ್ನಡಿ ಅವುಕ್ಕಿಂತ ಮ್ಯಾಲೆ, ಹೊರಗ ಇದ್ರ ಮಾತ್ರ ಹಿಂದಿನ ರೋಡು ಕಾಣ್ತೈತಿ. ನಾಕು ಬೆರಳು ಕೊಯ್ದ್ರ ಅದರಾಗ ಕಾಣೂದು ಅವನ ಅಂಗಿ ತೋಳು. ನಾವು ಹಿಂದ ಕುಂತ್ರಂತೂ ಮುಗೀತು, ನಮ್ಮ ಸೆರಗು, ಸಂತಿ ಚೀಲ ಉಳಿದ ಜಾಗಾನೂ ಮುಚ್ಚತಾವ. ಇನ್ನೊಂದು, ಬೈಕಿನ ಕನ್ನಡಿ ಬಾಳಷ್ಟು ನಡುವ ಉಬ್ಬಿದ್ದು ಇರ್ತಾವ. ಹೆಚ್ಚು ಜಾಗ ತೋರಸ್ತಾವ ಖರೆ, ಆದ್ರ ಹಿಂದ ಬರೂ ಲಾರಿ ಸಣ್ಣದಾಗಿ, ದೂರ ಇದ್ದಂಗ ಕಾಣ್ತೈತಿ. ಮೊದಲ ಸಣ್ಣದಾಗಿ ಕಾಣೂ ಲಾರಿ, ಅದರಾಗ ಅರ್ಧ ತೋಳು ಅಡ್ಡ ಬಂದ್ರ ಉಳಿದಿದ್ದೇನು?

ಹುಡುಗರದೂ ವಾದ ಅದಾವ, ಒಂದೊಂದ ನೋಡೂಣು. "ಉದ್ದ ರಾಡು ಅದುರ್ತೈತಿ" ಅಂತಾರ. ಖರೆ, ಗಿಡ್ಡ ರಾಡು ಕಡಿಮಿ ಅದುರ್ತೈತಿ. ಆದ್ರ ಅದುರದ ಕನ್ನಡ್ಯಾಗ ಮೊಳಕೈ ಸ್ವಚ್ಛ ಕಂಡ್ರ ಏನ್ ಬಂತು? ಅದುರಿದ್ರ ಮೊದಲ ಬುಡದ ನಟ್ಟು ಬಿಗಿ ಮಾಡಿಸಲಿ. ವೆಲ್ಡಿಂಗ್ ಸುಟ್ಟ ಜಾಗಕ್ಕ ತುಕ್ಕು ಹಿಡೀತೈತಿ, ದಿನಾ ಅದುರಿ ಅಲ್ಲೇ ಸೀಳ್ತೈತಿ.

"ಸಂದ್ಯಾಗ ತೂರಿಸುವಾಗ ತಾಗ್ತೈತಿ" ಅಂತಾರ. ಕನ್ನಡಿ ತಾಗೂವಷ್ಟು ಇಕ್ಕಟ್ಟಿನ್ಯಾಗ ನಮ್ಮ ಮೊಣಕಾಲೂ ತಾಗ್ತಾವ. ಅಲ್ಲಿ ತೂರಿಸೂದ ಬ್ಯಾಡ.

"ನಾ ಹೊಳ್ಳಿ ನೋಡ್ತೀನಿ" ಅಂತಾರ. ಇದ ದೊಡ್ಡ ಸುಳ್ಳು ಧೈರ್ಯ. 60ರ ಸ್ಪೀಡಿನ್ಯಾಗ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್, ಅಂದ್ರ 55 ಅಡಿ ಮುಂದ ಹೋಗಿರ್ತೈತಿ. ಹೊಳ್ಳಿ ನೋಡಿದ ಒಂದು ಸೆಕೆಂಡು 55 ಅಡಿ ಕುರುಡು ಓಟ. ತಿರುಗೂ ಮುಂಚೆ ಒಮ್ಮೆ ಹೊಳ್ಳಿ ನೋಡಬೇಕು, ಆದ್ರ ಕನ್ನಡಿ ನೋಡಿದ ಮ್ಯಾಲೆ, ಕನ್ನಡಿ ಬದಲಿಗೆ ಅಲ್ಲ.

ನಮ್ಮ ರೋಡು ಎಂಥಾದ್ದು ಅನ್ನೂದು ನಿಮಗ ಗೊತ್ತೈತಿ. ರಾಣೇಬೆನ್ನೂರು, ಮೋಟೆಬೆನ್ನೂರು, ಹಾವೇರಿ ಮ್ಯಾಲೆ ಹಾದು ಹೋಗೂದು ಪುಣೆ–ಬೆಂಗಳೂರು ಹೆದ್ದಾರಿ, ಮೊದಲಿನ ನಂಬರ್ 4, ಈಗಿನ 48. ಬ್ಯಾಡಗಿ ಮಾರ್ಕೆಟ್ ಇದ್ದ ಸೋಮವಾರ, ಗುರುವಾರ ಮೆಣಸಿನಕಾಯಿ ಹೇರಿದ ಲಾರಿಗೆ ಲೆಕ್ಕ ಇರೂದಿಲ್ಲ. 2024ರ ಜೂನ್ 28ರ ನಸುಕಿನ್ಯಾಗ ಬ್ಯಾಡಗಿ ತಾಲೂಕು ಗುಂಡೇನಹಳ್ಳಿ ಕ್ರಾಸ್ ಹತ್ರ, ದೇವರಿಗೆ ಹೋಗಿ ಹೊಳ್ಳಿ ಊರಿಗೆ ಹೊಂಟವರ ಗಾಡಿ ನಿಂತ ಲಾರಿಗೆ ಬಡದು 13 ಮಂದಿ ಹೋದರು, ಭದ್ರಾವತಿ ಕಡೆ ಎಮ್ಮಿಹಟ್ಟಿ ಊರಿನವರು. ಅದು ಬೈಕಲ್ಲ, ಕನ್ನಡಿ ಮಾತೂ ಅಲ್ಲ. ಆದ್ರ ನಿಂತ ಲಾರಿ ಇರೂ ಇಂಥಾ ರೋಡಿನ್ಯಾಗ ಮುಂದ ಕಣ್ಣು ಬಿಟ್ಟು ಹಿಂದ ಹೊಳ್ಳೂದು ಅಂದ್ರ ಏನು, ನೀವ ಹೇಳ್ರಿ.

ಇದು ಬರೇ ನನ್ನ ಮಾತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದಾಗ 125ನೇ ನಿಯಮ ಹಿಂದಿಂದು ಕಾಣೂ ಹಂಗ ಕನ್ನಡಿ ಇರಬೇಕು ಅಂತೈತಿ. ಅದಕ್ಕೂ ಮುಂಚಿನ 123ನೇ ನಿಯಮ ನಮ್ಮದ: ಹಿಂದ ಕುಂತವರಿಗೆ ಹಿಡಕೊಳ್ಳಾಕ ಹಿಡಿ, ಕಾಲಿಡಾಕ ಜಾಗ, ಬಟ್ಟಿ ಗಾಲ್ಯಾಗ ಸಿಗದಂಗ ತಡಿ, ಅಂದ್ರ ನಮ್ಮ ಸೀರಿ ಗಾರ್ಡು. ಕನ್ನಡಿ ಕೊಯ್ಯೂ ಕೈನ ಸೀರಿ ಗಾರ್ಡೂ ಬಿಚ್ಚತೈತಿ, ನೋಡೀರಿಲ್ಲೋ? ಗಾಡಿ ಮ್ಯಾಲೆ ತಾನೊಬ್ಬನ ಅದಾನು, ಹಿಂದ ಕುಂತಾಕಿ ಜೀವ ಷೋಕಿಗೆ ಅಡ್ಡ, ಇದ ಆ ಕೈ ಹೇಳೂ ಮಾತು. ನನಗ ಸಿಟ್ಟು ಬರೂದು ರಾಡಿಗಲ್ಲ, ಈ ಮಾತಿಗೆ.

ನಾವು ಸ್ಕೂಟಿ ಕನ್ನಡ್ಯಾಗ ಕುಂಕುಮ ನೋಡ್ಕೋತೀವಿ ಅಂತ ಇವರು ನಗ್ತಾರ. ನಗಲಿ. ಕುಂಕುಮಕ್ಕಾದ್ರೂ ಕನ್ನಡಿ ಇಟ್ಟೀವಿ, ಅದನ್ನ ರೋಡಿನ ಕಡೆ ತಿರುಗಿಸಾಕ ಒಂದು ಗಳಿಗಿ ಸಾಕು. ಕೊಯ್ದ ರಾಡು ಬೆಳೆಯೂದಿಲ್ಲ.

ಹಂಗಂತ "ಹುಡುಗಾಟದ ವಯಸ್ಸು, ಬಿಡ್ರಿ" ಅನ್ನಬ್ಯಾಡ್ರಿ. ಹೊಸ ಕನ್ನಡಿ ಜೋಡಿ ದವಾಖಾನ್ಯಾಗಿನ ಒಂದು ರಾತ್ರಿಗಿಂತ ಅಗ್ಗ. ಆಯಾ ಗಾಡೀದ ಕೇಳಿ ತರಿಸ್ರಿ, ಕೆಲವು ಯಮಹಾಕ್ಕ ಬಲಗಡೆ ಥ್ರೆಡ್ಡು ಉಲ್ಟಾ ಇರ್ತೈತಿ, ಜೋರಿಲೆ ತಿರುವಿದ್ರ ಹಾಳು. ಹಾಕಿಸಿದ ಮ್ಯಾಲೆ ಅವನ್ನ ಸೀಟಿನ್ಯಾಗ ಕುಂಡ್ರಿಸಿ, ನೀವು ಹಿಂದ ನಾಕು ಮಾರು ದೂರ ಬಾಜೂಕ ನಿಂದ್ರಿ. "ನಾ ಕಾಣ್ತೀನೇನಪಾ?" ಅಂತ ಕೇಳ್ರಿ. ಎರಡೂ ಕಡೆ ಕಂಡ್ರ ಹತ್ರಿ. ಕಾಣ್ಲಿಲ್ಲಂದ್ರ ಬಸ್ಸಿಗೆ ಹೋಗ್ರಿ. ಹಿಂದಿನ ಸೀಟು ನಾಕು ದಿನ ಖಾಲಿ ಇದ್ರ ಕನ್ನಡಿ ತಾನ ಅಟ್ಟದಿಂದ ಇಳೀತೈತಿ.