ಕೆಂಪು ನೀರಿನ ಫೋಟೋ ತೆಗೀರಿ

ಕಾವೇರಿ ತುಂಬಿದರೆ ಮೈಸೂರಿನ ಜನ ಕ್ಯಾಮೆರಾ ಹಿಡಿದು ಬಲಮುರಿಗೂ ಚುಂಚನಕಟ್ಟೆಗೂ ಹೋಗುತ್ತಾರೆ. ನೊರೆ ನೀರಿನ ಫೋಟೋ ಚೆಂದವೇ. ಆದರೆ ಬೆದ್ದಲು ರೈತರು ತೆಗೆಯಬೇಕಾದ್ದು ಹೊಲದ ಪಕ್ಕದ ಹಳ್ಳದ ಫೋಟೋ. ಅದರಲ್ಲಿ ಕೆಂಪಗೆ ಹರಿಯೋದು ನಮ್ಮ ಮೇಲ್ಮಣ್ಣು.

ಮಳೆ ನಿಂತ ಕೂಡಲೇ ಹೋಗಿ. ತಡವಾದರೆ ನೀರೂ ಇರಲ್ಲ, ಬಣ್ಣವೂ ಇರಲ್ಲ. ನೀರಿಗೆ ಇಳಿಯಬೇಡಿ. ಗಟ್ಟಿ ದಡದ ಮೇಲೆ ನಿಂತು, ನೀರು ಬರೋ ಕಡೆ ಮುಖಮಾಡಿ, ಹಳ್ಳ ಓರೆಯಾಗಿ ಕಾಣೋ ಹಾಗೆ ಹಿಡೀರಿ. ಎರಡೂ ದಡ ಬರಲಿ, ಅಳತೆಗೊಂದು ಗುದ್ದಲಿ ಇರಲಿ. ಆಕಾಶ ಕಮ್ಮಿ ಸಾಕು. ಮೋಡದ ಬೆಳಕೇ ಒಳ್ಳೇದು. ಬಿಸಿಲಿಗೆ ನೀರು ಬರೀ ಹೊಳೆಯುತ್ತೆ.

ಬದು ಹಾಕಿದ ಮೇಲೆ ಅದೇ ಜಾಗದಿಂದ ಇನ್ನೊಂದು ತೆಗೀರಿ. ಮಣ್ಣು ಉಳೀತೋ ಇಲ್ಲವೋ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತೆ.